ನಾನು ಬರೆದ ಏಳನೇ ನಿಯಮ

ಕುಲಪತಿಗಳ ಮೇಜಿನ ಮೇಲೆ ಒಂದೇ ಒಂದು ಹಾಳೆ ಇತ್ತು. ಅದನ್ನು ನಮ್ಮ ಕಡೆ ತಿರುಗಿಸಿಟ್ಟು ಹೇಳಿದರು: "ಬಿ.ಎ. ಇರಲಿ, ಬಿ.ಕಾಂ. ಇರಲಿ, ರಸಾಯನಶಾಸ್ತ್ರ ಇರಲಿ, ದೈಹಿಕ ಶಿಕ್ಷಣ ಇರಲಿ, ಒಬ್ಬರನ್ನೂ ಬಿಡಬಾರದು. ಪ್ರತಿ ವಿದ್ಯಾರ್ಥಿಗೂ ಕೃತಕ ಬುದ್ಧಿಮತ್ತೆಯ ಒಂದು ಪತ್ರಿಕೆ. ಹನ್ನೆರಡು ವಾರದಲ್ಲಿ ಯೋಜನೆ ವಿದ್ಯಾವಿಷಯಕ ಪರಿಷತ್ತಿನ ಮುಂದೆ ಬರಬೇಕು."

ನಾವು ಮೂವರಿದ್ದೆವು. ಸಂಖ್ಯಾಶಾಸ್ತ್ರ ಕಲಿಸುವ ನಾನು, ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ಮತ್ತು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಕನ್ನಡದ ಹಿರಿಯ ಪ್ರಾಧ್ಯಾಪಕರು. ಸಮಿತಿಯ ಸಂಚಾಲಕಿ ಎಂದು ಹಾಳೆಯಲ್ಲಿ ನನ್ನ ಹೆಸರಿತ್ತು. ಯಾಕೆ ನಾನು ಎಂದು ಕೇಳುವ ಧೈರ್ಯ ಆಗಲಿಲ್ಲ. ಹೊರಗೆ ಬಂದ ಮೇಲೆ ಕನ್ನಡದ ಸರ್ ತಾವಾಗಿಯೇ ಹೇಳಿದರು: "ಕಂಪ್ಯೂಟರಿನವರಿಗೆ ಕೊಟ್ರ ಕಲಾ ವಿಭಾಗದವರು ಒಪ್ಪಂಗಿಲ್ಲ. ನನಗ ಕೊಟ್ರ ಕಂಪ್ಯೂಟರಿನವರು ನಗತಾರ. ನೀವು ನಡುವ ಅದೀರಿ ನೋಡ್ರಿ. ಎರಡೂ ಕಡಿಂದ ಬೈಸಿಕೊಳ್ಳಾಕ ಅನುಕೂಲ."

ಮುಖ್ಯಸ್ಥರು ಒಂದೇ ವಾರದಲ್ಲಿ ಮೊದಲ ಕರಡು ತಂದರು. ಐದು ಘಟಕ, ಪ್ರೋಗ್ರಾಮಿಂಗ್, ಮ್ಯಾಟ್ರಿಕ್ಸ್ ಗಣಿತ, ವಾರಕ್ಕೆ ಎರಡು ತಾಸು ಲ್ಯಾಬ್. ಎಲ್ಲ ಅಚ್ಚುಕಟ್ಟಾಗಿತ್ತು. ಕನ್ನಡದ ಸರ್ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಪಠ್ಯಕ್ರಮ ಚಲೋ ಐತ್ರಿ. ಆದ್ರ ಇದನ್ನ ಯಾರಿಗೆ ಕಲಸಾಕ ಹೊಂಟೇವಿ ಅನ್ನೂದು ಇದರಾಗ ಎಲ್ಲೂ ಇಲ್ಲ."

ಮುಖ್ಯಸ್ಥರ ಮುಖ ಬಿಗಿಯಿತು. "ಸರ್, ಇದು ಮೂಲತಃ ಗಣಿತ. ಗಣಿತ ತೆಗೆದರೆ ಉಳಿಯೋದು ಬರೀ ಭಾಷಣ. ಭಾಷಣಕ್ಕೆ ಒಂದು ಪತ್ರಿಕೆ ಬೇಕಾ?"

ಆ ವಾದ ಎರಡು ಸಭೆಗಳನ್ನು ನುಂಗಿತು. ಕಡೆಗೆ ನಾನು ನನಗೆ ಗೊತ್ತಿದ್ದ ದಾರಿ ಹಿಡಿದೆ. ಮಾದರಿ ತೆಗೆದು ನೋಡೋಣ ಅಂದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳಲ್ಲಿ ಒಂದೊಂದು ಕಾಲೇಜು, ಒಂದೊಂದರಲ್ಲಿ ಒಂದೇ ತರಗತಿ. ಇಂಡಿಯಲ್ಲಿ ವಾಣಿಜ್ಯ, ಸಿಂದಗಿಯಲ್ಲಿ ಇತಿಹಾಸ, ಮುದ್ದೇಬಿಹಾಳದಲ್ಲಿ ವಿಜ್ಞಾನ, ಬಾಗೇವಾಡಿಯಲ್ಲಿ ಕನ್ನಡ. ಆರು ವಾರ ಪಾಠ ಮಾಡಿ, ಏನು ನಿಲ್ಲುತ್ತದೆ ಏನು ಬೀಳುತ್ತದೆ ನೋಡಿ, ಆಮೇಲೆ ಬರೆಯೋಣ. ಇಬ್ಬರೂ ಒಪ್ಪಿದರು.

ಪ್ರಯೋಗಕ್ಕೆ ಒಂದು ಪುಟದ ನಿಯಮಗಳು ಬೇಕಾಗಿದ್ದವು. ಹಾಜರಾತಿ, ಅಂಕ, ಮನೆಗೆಲಸ ಎಂದು ಆರು ಬರೆದೆ. ಅಷ್ಟರಲ್ಲಿ ಮುಖ್ಯಸ್ಥರು ಒಂದು ಪ್ರಶ್ನೆ ಎತ್ತಿದರು: ಮನೆಗೆಲಸವನ್ನು ಮಕ್ಕಳು ಫೋನಿನಿಂದಲೇ ಬರೆಸಿ ತಂದರೆ? ನಾನು ಏಳನೆಯದನ್ನು ಸೇರಿಸಿದೆ. ಯಂತ್ರ ಬರೆದದ್ದನ್ನು ಪತ್ತೆ ಹಚ್ಚುವ ತಂತ್ರಾಂಶದಲ್ಲಿ ಪ್ರತಿ ಬರವಣಿಗೆಯನ್ನೂ ಹಾಕಿ ನೋಡಬೇಕು, ಸಿಕ್ಕಿಬಿದ್ದರೆ ಅಂಕ ಸೊನ್ನೆ, ಹೆಸರು ಪ್ರಕಟಿಸಬೇಕು, ವಿಚಾರಣೆ ಮುಗಿಯುವವರೆಗೆ ಪರೀಕ್ಷಾ ಅರ್ಜಿ ತಡೆಹಿಡಿಯಬೇಕು. ಕೊನೆಯ ಎರಡು ಮಾತು ನನ್ನವಲ್ಲ. ಪರೀಕ್ಷಾ ಅಕ್ರಮದ ಹಳೆಯ ಸುತ್ತೋಲೆಯಿಂದ ಎತ್ತಿ ಇಲ್ಲಿ ಅಂಟಿಸಿದ್ದೆ. ನಕಲು ತಡೆಯುವ ನಿಯಮವನ್ನು ನಕಲು ಮಾಡಿಯೇ ಬರೆದಿದ್ದೆ ಅನ್ನುವುದು ಆಗ ಹೊಳೆಯಲಿಲ್ಲ. ಚಹಾ ಆರುವುದರೊಳಗೆ ಆ ಕೆಲಸ ಮುಗಿದಿತ್ತು.

ಮೊದಲ ಮೂರು ವಾರ ಒಂದಲ್ಲ ಒಂದು ತೊಡಕು. ಮುದ್ದೇಬಿಹಾಳದ ಲ್ಯಾಬಿನಲ್ಲಿ ಕಂಪ್ಯೂಟರುಗಳು ಸಾಲಾಗಿ ಕೂತಿದ್ದವು, ಶುರುವಾದವು ನಾಲ್ಕೇ. ಅವೂ ಕರೆಂಟ್ ಹೋದಾಗ ಆರಿದವು. ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕರು ಕಾಯಲಿಲ್ಲ. ಸೀಮೆಸುಣ್ಣ ತಗೊಂಡು ಹಲಗೆಯ ಮೇಲೆ ಬರೆದರು: "ಮುಂಜಾನೆ ನಾನು ಎರಡು ರೊಟ್ಟಿ..." ತಿರುಗಿ ಕೇಳಿದರು, "ಮುಂದಿನ ಮಾತು ಏನ್ರೆಪಾ?" ಇಡೀ ತರಗತಿ "ತಿಂದೆ" ಅಂತ ಕೂಗಿತು. ಮೂಲೆಯಿಂದ ಇಬ್ಬರು "ಕಟಗೊಂಡೆ" ಅಂದರು, ಒಬ್ಬಳು "ಬಡದೆ" ಅಂದಳು. ಅವರು ಮೂರನ್ನೂ ಬರೆದು ಎಷ್ಟು ಜನ ಯಾವುದನ್ನು ಅಂದರು ಅಂತ ಎಣಿಸಿದರು. "ಯಂತ್ರ ಮಾಡೂದು ಇಷ್ಟ. ರೊಟ್ಟಿ ರುಚಿ ಅದಕ್ಕ ಗೊತ್ತಿಲ್ಲ. ಯಾವ ಮಾತಿನ ಹಿಂದ ಯಾವ ಮಾತು ಹೆಚ್ಚು ಬರ್ತೈತಿ ಅನ್ನೂದು ಗೊತ್ತೈತಿ." ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ಅದನ್ನು ಹಾಗೆಯೇ ಬರೆದುಕೊಂಡೆ.

ಇಂಡಿಯ ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ನಿಂಬೆಹಣ್ಣಿನ ಎರಡು ರಾಶಿ ಇಟ್ಟೆವು. ಮೊದಲ ರಾಶಿ ನೋಡಿ, ಮಾರಾಟಕ್ಕೆ ಯೋಗ್ಯ ಹಣ್ಣು ಯಾವುದು ಎಂದು ಹೇಳುವ ನಿಯಮವನ್ನು ಅವರೇ ಬರೆಯಬೇಕು. ಬಣ್ಣ, ನುಣುಪು, ಗಾತ್ರ ಎಂದು ಬರೆದರು. ಅದೇ ನಿಯಮ ಎರಡನೇ ರಾಶಿಯ ಮೇಲೆ ಪೂರ್ತಿ ಸೋತಿತು. ಎರಡನೆಯದು ಹೊರ್ತಿ ಕಡೆಯ ಬೇರೆ ತೋಟದ ಹಣ್ಣು, ಸಿಪ್ಪೆ ಒರಟು, ರಸ ಮಾತ್ರ ಭರ್ತಿ. ಒಂದೇ ತೋಟ ನೋಡಿ ಕಲಿತವರಿಗೆ ಇನ್ನೊಂದು ತೋಟ ತಿಳಿಯುವುದಿಲ್ಲ ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಬಾಗೇವಾಡಿಯಲ್ಲಿ ಅಧ್ಯಾಪಕರೇ ಸಿಟ್ಟಾಗಿದ್ದರು. "ಇದ್ದ ಪಾಠಾನ ಮುಗಿಯವಲ್ದು, ಇದೊಂದು ಮ್ಯಾಲ ಹೇರಾಕ ಬಂದ್ರಿ" ಎಂದು ಒಬ್ಬರು ಎದ್ದೇ ಹೋದರು. ತರಗತಿಯೊಳಗೆ ಮಾತ್ರ ಬೇರೆ ಕಥೆ. ಕೂರಿಗಿ ಅಂದರೇನು ಎಂದು ವಿದ್ಯಾರ್ಥಿಗಳು ಯಂತ್ರವನ್ನು ಕೇಳಿದರು. ಕುಳಿತುಕೊಳ್ಳಲು ಬಳಸುವ ಸಣ್ಣ ಕುರ್ಚಿ ಎಂದು ಅದು ಗಂಭೀರವಾಗಿ ಹೇಳಿತು. ವರ್ಷವೂ ಕೂರಿಗಿ ಹೂಡಿ ಬೀಜ ಬಿತ್ತುವ ಮನೆಗಳಿಂದ ಬಂದವರೆಲ್ಲ ಬೆಂಚು ಬಡಿದು ನಕ್ಕರು. ಎದ್ದು ಹೋಗಿದ್ದ ಅಧ್ಯಾಪಕರು ಆ ನಗುವಿಗೆ ಬಾಗಿಲ ತನಕ ಬಂದು ನಿಂತರು.

ಯೋಜನೆ ಒಂದು ರೂಪಕ್ಕೆ ಬರುತ್ತಿದೆ ಎಂದುಕೊಂಡೆ. ಮುಖ್ಯಸ್ಥರು ಕೂಡ ಪ್ರೋಗ್ರಾಮಿಂಗ್ ಘಟಕವನ್ನು ಐಚ್ಛಿಕ ಮಾಡಲು ಅರೆಮನಸ್ಸಿನಿಂದ ಒಪ್ಪಿದ್ದರು. ಪರಿಷತ್ತಿನ ಸಭೆ ಗುರುವಾರ. ಸೋಮವಾರ ಮಧ್ಯಾಹ್ನ ಸಿಂದಗಿಯ ಪ್ರಾಂಶುಪಾಲರ ಫೋನ್ ಬಂತು. ದನಿಯಲ್ಲಿ ಉತ್ಸಾಹವಿತ್ತು.

"ಮೇಡಂ, ನಿಮ್ಮ ಏಳನೇ ನಿಯಮ ಭಾಳ ಚಲೋ ಕೆಲಸ ಮಾಡೈತ್ರಿ. ಹನ್ನೊಂದು ಮಂದೀನ ಹಿಡದೇವಿ. ಹೆಸರು ಬೋರ್ಡಿಗೆ ಹಚ್ಚೇನಿ, ಪರೀಕ್ಷಾ ಅರ್ಜಿ ತಡದೇನಿ. ಆದ್ರ ಒಬ್ಬಾಕಿ ಹುಡುಗಿ ನಾಕ ದಿನದಿಂದ ಕಾಲೇಜಿಗೇ ಬಂದಿಲ್ರಿ. ಅರ್ಜಿಗೆ ಶನಿವಾರ ಕಡೀ ದಿನ. ಏನ್ ಮಾಡೂದು ಹೇಳ್ರಿ."

ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಹನ್ನೊಂದು ಅನ್ನುವುದು ಆ ತರಗತಿಯ ಹತ್ತಿರ ಹತ್ತಿರ ಅರ್ಧ. ಯಾವುದೇ ಅಳತೆಗೋಲು ಹೀಗೆ ಅರ್ಧ ಜನರನ್ನು ಕಳ್ಳರೆಂದರೆ, ಮೊದಲು ಅಳತೆಗೋಲನ್ನು ಪರೀಕ್ಷಿಸಬೇಕು. ಮೊದಲ ವರ್ಷದ ಮಕ್ಕಳಿಗೆ ನಾನೇ ಕಲಿಸುವ ಪಾಠ ಅದು. ಆ ತಂತ್ರಾಂಶವನ್ನು ಕನ್ನಡದ ಮೇಲೆ ನಾನು ಒಂದು ಸಲವೂ ಓಡಿಸಿ ನೋಡಿರಲಿಲ್ಲ.

ಆಗಲೇ ಕೂತು ಓಡಿಸಿದೆ. ಇಂಥ ಯಂತ್ರಗಳ ಸುದ್ದಿಯೇ ಇಲ್ಲದ ಕಾಲದಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನು ಬರೆದಿದ್ದ ಲೇಖನವೊಂದನ್ನು ಹಾಕಿದೆ. ಯಂತ್ರ ಬರೆದದ್ದು ಎಂದು ಬಂತು. ಕನ್ನಡದ ಸರ್ ಅವರನ್ನು ಕರೆದೆ. ತಮ್ಮ ಗುರುಗಳು ತೀರಿಕೊಂಡಾಗ ಬರೆದು ಓದಿದ್ದ ನುಡಿನಮನ ಅವರ ಕಪಾಟಿನಲ್ಲಿತ್ತು, ಶಾಯಿಯಲ್ಲಿ ಬರೆದದ್ದು, ಅಂಚು ಹಳದಿಯಾಗಿತ್ತು. ಅವರು ಓದುತ್ತ ಹೋದಂತೆ ನಾನು ಟೈಪು ಮಾಡಿದೆ. ಅದೂ ಯಂತ್ರದ್ದೇ ಎಂದಿತು. ಆಮೇಲೆ ಫೋನಿನಲ್ಲಿ ಯಂತ್ರದಿಂದಲೇ ಒಂದು ಪ್ರಬಂಧ ಬರೆಸಿ ಹಾಕಿದೆ. ಮನುಷ್ಯ ಬರೆದದ್ದು ಎಂದಿತು.

ಕನ್ನಡದ ಸರ್ ಪರದೆಯನ್ನೇ ನೋಡುತ್ತ ಕೂತರು. "ಅತ್ತುಕೋತ ಬರದಿದ್ನೆವಾ ಇದನ್ನ" ಅಂದರು. ಮೇಡಂ ಅನ್ನುತ್ತಿದ್ದವರು ಅಂದು ತಂಗಿಗೆ ಹೇಳಿದಂತೆ ಹೇಳಿದರು. ಮೂರೂ ಫಲಿತಾಂಶಗಳನ್ನು ನಾನು ಕಂಪ್ಯೂಟರ್ ಮುಖ್ಯಸ್ಥರಿಗೆ ಕಳಿಸಿದೆ.

ಮಂಗಳವಾರ ಬೆಳಿಗ್ಗೆಯ ಬಸ್ಸಿಗೆ ಸಿಂದಗಿಗೆ ಹೋದೆ. ಸೂಚನಾ ಫಲಕದ ನಡುವೆ ಹನ್ನೊಂದು ಹೆಸರು, ಮೇಲೆ ದಪ್ಪ ಅಕ್ಷರದಲ್ಲಿ "ನಕಲು ಮಾಡಿದವರು". ಹಾಗೆ ನಾನು ಬರೆದಿರಲಿಲ್ಲ. ಆದರೆ ಹಾಗೆ ಬರೆಯಲು ಜಾಗ ಕೊಟ್ಟವಳು ನಾನೇ. ತೆಗೆಯಿರಿ ಎಂದೆ. ಪ್ರಾಂಶುಪಾಲರು ಕೆಟ್ಟವರಲ್ಲ, ಹೆದರಿದವರು. "ನಿಯಮ ವಿಶ್ವವಿದ್ಯಾಲಯದ್ದು ಮೇಡಂ. ಹಚ್ಚು ಅಂದ್ರಿ, ಹಚ್ಚೇನಿ. ತಗೀ ಅಂತ ಬರವಣಿಗ್ಯಾಗ ಕೊಡ್ರಿ, ತಗೀತೇನಿ. ಬಾಯಿ ಮಾತಿನಾಗ ಆಗಂಗಿಲ್ರಿ."

ಕುಲಸಚಿವರಿಗೆ ಫೋನ್ ಮಾಡಿದೆ. "ಗುರುವಾರ ಪರಿಷತ್ತು ಇದೆ, ಅಲ್ಲಿಯವರೆಗೆ ಏನೂ ಬರೆದು ಕೊಡಬೇಡಿ" ಎಂದರು.

ಕಾಲೇಜಿಗೆ ಬಾರದ ಹುಡುಗಿ ದೇವಣಗಾಂವದವಳು, ಕೊನೆಯ ವರ್ಷದ ಬಿ.ಎ. ವಿದ್ಯಾರ್ಥಿನಿ. ಅವಳ ಇತಿಹಾಸದ ಅಧ್ಯಾಪಕಿ ನನ್ನ ಜೊತೆ ಬಂದರು. ದಾರಿಯುದ್ದಕ್ಕೂ ಅವರು ಹೆಚ್ಚು ಮಾತಾಡಲಿಲ್ಲ. ಕಿಟಕಿಯ ಹೊರಗೆ ತೊಗರಿ ಹೊಲ, ಆಮೇಲೆ ಕಬ್ಬು, ಊರು ಹತ್ತಿರವಾದಂತೆ ಭೀಮಾ ಹೊಳೆಯ ಕಡೆಯಿಂದ ತಂಪು ಗಾಳಿ. ನನ್ನ ಮನಸ್ಸಿನಲ್ಲಿ ಆ ಮನೆಯ ಬಾಗಿಲಲ್ಲಿ ಆಡಬೇಕಾದ ಮೊದಲ ಮಾತು ಕೂಡಿಬರುತ್ತಿರಲಿಲ್ಲ.

ಅವಳ ಅಪ್ಪ ಕುರಿದೊಡ್ಡಿಯ ಮುಂದೆ ನಿಂತಿದ್ದರು. ಹೆಗಲ ಮೇಲೆ ಕಂಬಳಿ. ನಾವು ಯಾರೆಂದು ಹೇಳಿದ ಮೇಲೂ ಕೂಡ್ರಿ ಅನ್ನಲಿಲ್ಲ.

"ಅಕ್ಕೋರ, ನನಗ ಓದಾಕ ಬರಂಗಿಲ್ಲ. ಆದ್ರ ನನ್ನ ಮಗಳ ಹೆಸರು ಹೆಂಗ ಕಾಣತೈತಿ ಅನ್ನೂದು ಗೊತ್ತೈತಿ. ಆಕಿ ಮಾರ್ಕ್ಸ್ ಕಾರ್ಡಿನಾಗ ನೋಡೇನಿ. ಊರಾಗಿನವರು ಫೋನಿನಾಗ ಫೋಟೋ ತೋರಿಸಿದ್ರು, ಅದ ಹೆಸರು. ಏನ್ ಬರದಾರಪಾ ಅಂದ್ರ, ಕಳವು ಮಾಡ್ಯಾಳ ಅಂತ ಬರದಾರ ಅಂದ್ರು. ಸಾಲಿ ಕಲಸಿದ್ದು ಇದಕ್ಕೇನ್ರಿ?"

"ಇಲ್ರಿ ಯಜಮಾನ್ರ" ಅಂದೆ. ಅವರು ಒಳಗೆ ನೋಡಿ ಮಗಳನ್ನು ಕರೆದರು.

ಅವಳು ಬಂದು ಕಂಬಕ್ಕೆ ಆತು ನಿಂತಳು. ಅವಳ ಮನಸ್ಸು ಹಗುರ ಮಾಡಬೇಕೆಂದು ನಾನೇ ಮೊದಲು ಹೇಳಿದೆ: "ಆ ತಂತ್ರಾಂಶ ನಂಬೂವಂಥದ್ದಲ್ಲ ನೋಡವಾ. ನಾ ಬರದದ್ದನ್ನೂ ಯಂತ್ರ ಬರದದ್ದು ಅಂತ ಹೇಳೈತಿ. ನಿಂದೂ ತಪ್ಪಾಗಿ ಹಿಡದಿರಬೇಕು."

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ನಾನೇ ಬಾಗಿಲು ತೆರೆದು ಕೊಟ್ಟಿದ್ದೆ. ಅವಳು ಅಂದಳು, "ನಂದು ಮಾತ್ರ ಖರೇನ ಹಿಡದೈತ್ರಿ ಮೇಡಂ."

ಅಪ್ಪ ತಿರುಗಿ ನೋಡಿದರು.

"ಬರದಾಕಿ ನಾನ ರೀ. ನಮ್ಮ ಆಯಿ ಹೇಳಿದ್ದು ಕೇಳಿ ನೋಟಬುಕ್ಕಿನಾಗ ನಾನ ಬರದೇನಿ. ಆಮ್ಯಾಲ ಫೋನಿಗೆ ಹಾಕಿ, ಇದನ್ನ ಶುದ್ಧ ಕನ್ನಡ ಮಾಡಿಕೊಡು ಅಂದ್ನಿ. ಅದು ಮಾಡಿಕೊಟ್ಟಿದ್ದನ್ನ ಕಳಿಸಿದ್ನಿ."

"ಯಾಕವಾ?"

"ಮೊದಲನೇ ವರ್ಷ ನಾ 'ಐತಿ', 'ಹೋಗಾಕತ್ತಾರ' ಅಂತ ಬರದಿದ್ನಿ. ಹಾಳಿ ತುಂಬ ಕೆಂಪು ಗೆರಿ ಎಳದು, ಇದು ಬರಿಯೂ ಭಾಷೆ ಅಲ್ಲ ಅಂತ ಕೊಟ್ಟಿದ್ರು."

ನನ್ನ ಪಕ್ಕದಲ್ಲಿದ್ದ ಇತಿಹಾಸದ ಅಧ್ಯಾಪಕಿ ಮೆಲ್ಲಗೆ ಹೇಳಿದರು, "ಎಳದಾಕಿ ನಾನ ರೀ ಮೇಡಂ."

ನೋಟಬುಕ್ ತರಲು ಹೇಳಿದೆ. ಮನೆಯ ಹಿರಿಯರ ನೆನಪೊಂದನ್ನು ಬರೆದು ತರುವುದು ಆ ತರಗತಿಯ ಮನೆಗೆಲಸವಾಗಿತ್ತು; ಅವಳದು ಅಜ್ಜಿಯ ಪ್ರಾಯದಲ್ಲಿ ಹೊಳೆ ಬಂದಾಗ ಕುರಿ ದಾಟಿಸಿದ ಸಂಗತಿ. ನಾಲ್ಕು ಪುಟ. ಮೊದಲು ಟಗರನ್ನು ನೀರಿಗಿಳಿಸಬೇಕು, ಉಳಿದವು ಅದರ ಹಿಂದೆ ಬರುತ್ತವೆ. ಆ ಸಲ ನಡು ಹೊಳೆಯಲ್ಲಿ ಟಗರು ಹೊರಳಿತು. "ಹನ್ನೆರಡು ಮರಿ ಹೋದುವು. ಆಯಿ ಮೂರು ದಿನ ರೊಟ್ಟಿ ಮುಟ್ಟಲಿಲ್ಲ. ಈಗೂ ಹೊಳಿ ಸಪ್ಪಳ ಕೇಳಿದ್ರ ಎಣಸ್ತಾಳ" ಎಂದು ಬರೆದಿತ್ತು. ಅದೇ ಜಾಗದಲ್ಲಿ ಯಂತ್ರದ ಶುದ್ಧ ಕನ್ನಡ ಏನಾಗಿತ್ತು ಎಂದು ಅವಳು ಕಾಲೇಜಿಗೆ ಕೊಟ್ಟಿದ್ದ, ನನ್ನ ಚೀಲದಲ್ಲಿದ್ದ ಪ್ರತಿ ತೆಗೆದು ನೋಡಿದೆ. "ಗ್ರಾಮಸ್ಥರು ದೋಣಿಗಳ ಸಹಾಯದಿಂದ ಜಾನುವಾರುಗಳನ್ನು ಸುರಕ್ಷಿತ ಸ್ಥಳಕ್ಕೆ ಸ್ಥಳಾಂತರಿಸಿದರು."

ನೋಟಬುಕ್ಕನ್ನೂ ಆ ಹಾಳೆಯನ್ನೂ ಅಕ್ಕಪಕ್ಕ ಹಿಡಿದು ದೊಡ್ಡಿಯ ಮುಂದೆ ನಿಂತೆ. ಹನ್ನೆರಡು ಮರಿ ಎಲ್ಲಿ ಹೋದವು? ವ್ಯಾಕರಣ ಸರಿಹೋಗಿತ್ತು, ಸತ್ತದ್ದೆಲ್ಲ ಬದುಕಿಬಿಟ್ಟಿತ್ತು. ನಮ್ಮ ಐದು ಘಟಕಗಳಲ್ಲಿ ಎಲ್ಲೂ ಈ ಪಾಠ ಇರಲಿಲ್ಲ.

"ಗುರುವಾರ ದೊಡ್ಡ ಸಭಾ ಐತಿ" ಅಂದೆ ಅವಳಿಗೆ. "ಇದನ್ನ ಅಲ್ಲಿ ಹೇಳಬೇಕು ಅಂತ ಅನಸ್ತೈತಿ. ನೀ ಬ್ಯಾಡ ಅಂದ್ರ ಹೇಳಂಗಿಲ್ಲ."

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ನೋಟಬುಕ್ಕನ್ನು ನನ್ನ ಕೈಯಲ್ಲೇ ಬಿಟ್ಟು ಹೇಳಿದಳು, "ನನ್ನ ಹೆಸರು ಹೇಳಬ್ಯಾಡ್ರಿ. ಮಾಡಿದ್ದು ಹೇಳ್ರಿ."

ಅಪ್ಪ ಮಾತ್ರ ಸಡಿಲಲಿಲ್ಲ. "ಆ ಗ್ವಾಡಿ ಮ್ಯಾಲಿಂದು ಇರೂತನ ಆಕಿ ಬಸ್ ಹತ್ತಂಗಿಲ್ರಿ" ಎಂದು ಕುರಿಗಳ ಕಡೆ ನಡೆದರು.

ಬುಧವಾರ ಇಡೀ ದಿನ ಕಾಗದದ ಮುಂದೆ ಕಳೆದೆ. ನನ್ನ ಎದುರಿಗೆ ಎರಡು ದಾರಿ ಇದ್ದವು. ತಂತ್ರಾಂಶ ತಪ್ಪು ಮಾಡುತ್ತದೆ, ಮುಗ್ಧರನ್ನು ಹಿಡಿಯುತ್ತದೆ ಎಂದಷ್ಟೇ ಹೇಳಿ ಆ ಹುಡುಗಿಯನ್ನೂ ಮುಗ್ಧರ ಸಾಲಿಗೆ ಸೇರಿಸುವುದು ಒಂದು. ಅದು ಸುಲಭ, ಪರಿಷತ್ತು ಕೂಡಲೇ ಒಪ್ಪುತ್ತಿತ್ತು. ಇನ್ನೊಂದು, ಅವಳು ಬಳಸಿದ್ದು ನಿಜ ಎಂದು ಹೇಳುವುದು. ಹೇಳಿದರೆ ನಿಯಮ ಸರಿಯಾಗಿಯೇ ಇದೆ ಎಂದು ಯಾರಾದರೂ ತಿರುಗಿಸಬಹುದು, ಹನ್ನೊಂದು ಜನರ ಪರೀಕ್ಷೆಯೂ ಹೋಗಬಹುದು. ಸಂಜೆ ಕುಲಸಚಿವರು ಮತ್ತೆ ಫೋನ್ ಮಾಡಿದರು. "ಯೋಜನೆ ಮೊದಲು ಪಾಸಾಗಲಿ ಮೇಡಂ. ಕುಲಪತಿಗಳಿಗೆ ಇದು ಮುಖ್ಯ. ಏಳನೇ ನಿಯಮವನ್ನು ಮುಂದಿನ ವರ್ಷ ತಿದ್ದಿದರಾಯಿತು, ಸಭೆಯಲ್ಲಿ ಎತ್ತಬೇಡಿ."

ಮುಂದಿನ ವರ್ಷ. ಶನಿವಾರಕ್ಕೆ ಮೂರೇ ದಿನ ಇತ್ತು. ನಾನು ಯೋಜನೆಯ ಕಡತ ತೆರೆದು, ಮನೆಗೆಲಸದ ಭಾಗವನ್ನು ಪೂರ್ತಿ ಅಳಿಸಿದೆ. ಹೊಸದಾಗಿ ಬರೆದೆ: ವಿದ್ಯಾರ್ಥಿ ತನ್ನ ಮೊದಲ ಬರಹವನ್ನು ತಾನಾಡುವ ಭಾಷೆಯಲ್ಲೇ ನೋಟಬುಕ್ಕಿನಲ್ಲಿ ಬರೆಯಬೇಕು. ಯಂತ್ರವನ್ನು ಬಳಸಬಹುದು, ಬಳಸಿದ್ದನ್ನು ಹೇಳಬೇಕು. ಯಂತ್ರ ಏನನ್ನು ಬದಲಿಸಿತು, ಏನನ್ನು ಕಳೆಯಿತು ಎಂದು ಎರಡನ್ನೂ ಪಕ್ಕ ಇಟ್ಟು ತೋರಿಸಬೇಕು. ಕೊನೆಗೆ ಐದು ನಿಮಿಷ ಮೌಖಿಕ ಪರೀಕ್ಷೆ. ಬರೆದು ಮುಗಿಸಿದಾಗ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ಇಡೀ ವಿಶ್ವವಿದ್ಯಾಲಯದ ಪ್ರತಿ ವಿದ್ಯಾರ್ಥಿಗೆ ಐದು ನಿಮಿಷ ಕೊಡುವಷ್ಟು ಅಧ್ಯಾಪಕರು ನಮ್ಮಲ್ಲಿ ಇಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ಇಲ್ಲ.

ಗುರುವಾರ ಸಭೆಯಲ್ಲಿ ನಮ್ಮ ವಿಷಯ ಊಟಕ್ಕೆ ಮುಂಚೆ ಬಂತು. ನಿಂಬೆಹಣ್ಣು, ಕೂರಿಗಿ, ರೊಟ್ಟಿಯ ಮಾತಿಗೆ ಸದಸ್ಯರು ನಕ್ಕರು, ತಲೆದೂಗಿದರು. ಕುಲಪತಿಗಳು ಮುಂದಿನ ವಿಷಯದ ಹಾಳೆ ತಿರುಗಿಸತೊಡಗಿದ್ದರು. ನಾನು ಕೂರಲಿಲ್ಲ.

"ಇನ್ನೊಂದು ಹೇಳುವುದಿದೆ. ಪ್ರಯೋಗದ ಏಳನೇ ನಿಯಮ ನಾನು ಬರೆದದ್ದು. ಅದನ್ನು ಕನ್ನಡದ ಮೇಲೆ ಪರೀಕ್ಷಿಸದೆ ಬರೆದೆ. ಅದರಿಂದ ಹನ್ನೊಂದು ಮಂದಿ ವಿದ್ಯಾರ್ಥಿಗಳ ಹೆಸರು ಗೋಡೆ ಹತ್ತಿದೆ, ಪರೀಕ್ಷಾ ಅರ್ಜಿ ನಿಂತಿದೆ."

ಕುಲಸಚಿವರು ಮೇಜಿನ ಕಡೆ ನೋಡಿದರು. ನಾನು ನನ್ನ ಲೇಖನದ ವಿಷಯ ಹೇಳಿದೆ, ಕನ್ನಡದ ಸರ್ ಅವರ ನುಡಿನಮನದ ವಿಷಯ ಹೇಳಿದೆ. ಆಮೇಲೆ ಹೆಸರಿಲ್ಲದೆ ಆ ಹುಡುಗಿಯ ನೋಟಬುಕ್ಕಿನ ಮಾತು, ಯಂತ್ರ ತಿದ್ದಿದ ಮಾತು ಎರಡನ್ನೂ ಓದಿದೆ. ಅವಳು ಯಂತ್ರ ಬಳಸಿದ್ದು ನಿಜ ಎಂದೂ ಹೇಳಿದೆ.

ಒಬ್ಬ ಹಿರಿಯ ಸದಸ್ಯರು ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: "ಬಳಸಿದ್ದಾಳೆ ಅಂದ ಮೇಲೆ ತಂತ್ರಾಂಶ ಸರಿಯಾಗಿಯೇ ಹಿಡಿದಿದೆ ಅಲ್ಲವೇ?"

ನಾನು ಬಾಯಿ ತೆರೆಯುವ ಮೊದಲೇ ಕಂಪ್ಯೂಟರ್ ಮುಖ್ಯಸ್ಥರು ಎದ್ದರು. ಅವರು ಯಾವ ಕಡೆ ಮಾತಾಡುತ್ತಾರೋ ನನಗೆ ಗೊತ್ತಿರಲಿಲ್ಲ. "ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿ ಹೇಳುತ್ತದೆ ಅಂತ ನಾವು ಅದನ್ನು ಪರೀಕ್ಷಾ ಕೊಠಡಿಯಲ್ಲಿ ತೂಗುಹಾಕುವುದಿಲ್ಲ ಸರ್. ಮಂಗಳವಾರದಿಂದ ನನ್ನ ವಿಭಾಗದಲ್ಲಿ ಆ ತಂತ್ರಾಂಶಕ್ಕೆ ಹಳೆಯ ಕನ್ನಡ ಬರಹ ಹಾಕಿ ನೋಡಿದ್ದೇವೆ. ಅದು ಊಹೆ ಮಾಡುತ್ತಿದೆ, ಅಷ್ಟೇ. ಊಹೆಯ ಮೇಲೆ ಯಾರ ಪರೀಕ್ಷೆಯನ್ನೂ ನಿಲ್ಲಿಸುವ ನಿಯಮಕ್ಕೆ ನಾನು ಸಹಿ ಮಾಡುವುದಿಲ್ಲ." ಕೂತ ಮೇಲೆ ನನ್ನ ಕಡೆ ನೋಡಲೂ ಇಲ್ಲ.

ಚರ್ಚೆ ಊಟದ ಹೊತ್ತು ದಾಟಿತು. ಏಳನೇ ನಿಯಮ ಹೋಯಿತು. ನೋಟಬುಕ್ ಮತ್ತು ಮೌಖಿಕ ಪರೀಕ್ಷೆ ಉಳಿದವು. ಅಧ್ಯಾಪಕರ ಲೆಕ್ಕ ಕೂಡದ ಕಾರಣ ಇಡೀ ವಿಶ್ವವಿದ್ಯಾಲಯದ ಬದಲು ಮೊದಲ ವರ್ಷ ಆ ನಾಲ್ಕು ಕಾಲೇಜುಗಳಿಗೆ ಮಾತ್ರ, ಆದರೆ ಅಲ್ಲಿ ಎಲ್ಲ ವಿಭಾಗಗಳಿಗೂ, ಎಂದಾಯಿತು. ಹೊರಗೆ ಬರುವಾಗ ಕುಲಪತಿಗಳು ನಿಂತು ಹೇಳಿದರು: "ಎಲ್ಲರಿಗೂ ಅಂದಿದ್ದೆ. ನೀವು ನಾಲ್ಕು ಊರಿಗೆ ತಂದು ನಿಲ್ಲಿಸಿದಿರಿ." ಅವರ ಬೇಸರ ಸುಳ್ಳಲ್ಲ.

ಶುಕ್ರವಾರ ಕುಲಸಚಿವರ ಆದೇಶ ಹಿಡಿದು ಸಿಂದಗಿಗೆ ಹೋದೆ. ಹಿಂದಿನ ಸಂಜೆಯೇ ಇತಿಹಾಸದ ಅಧ್ಯಾಪಕಿ ದೇವಣಗಾಂವಕ್ಕೆ ಸುದ್ದಿ ಮುಟ್ಟಿಸಿದ್ದರು. ಹಳೆಯ ಹಾಳೆಯನ್ನು ಸುಮ್ಮನೆ ಹರಿದು ಬಿಡೋಣ, ಹೊಸದೇನೂ ಬೇಡ ಎಂದು ಪ್ರಾಂಶುಪಾಲರ ಅಭಿಪ್ರಾಯ. "ಸುಮ್ನ ಮತ್ತ ಸುದ್ದಿ ಆಕ್ಕೈತ್ರಿ." ನಾನು ಒಪ್ಪಲಿಲ್ಲ. ಹಳೆಯದನ್ನು ತೆಗೆದು, ನನ್ನ ಸಹಿ ಇದ್ದ ಹೊಸ ಪ್ರಕಟಣೆಯನ್ನು ಅದೇ ಜಾಗದಲ್ಲಿ, ಅದೇ ಫಲಕಕ್ಕೆ ನಾನೇ ಅಂಟಿಸಿದೆ. ಬೆಳಿಗ್ಗೆ ಹತ್ತು ಜನರ ಮೌಖಿಕ ಪರೀಕ್ಷೆಯೂ ಮುಗಿಯಿತು. ಎಂಟು ಮಂದಿ ತಾವು ಬರೆದದ್ದರ ಬಗ್ಗೆ ನಿಲ್ಲದೆ ಮಾತಾಡಿದರು. ಇಬ್ಬರಿಗೆ ತಾವು ಕೊಟ್ಟ ಹಾಳೆಯಲ್ಲಿ ಏನಿದೆ ಎಂಬುದೇ ಗೊತ್ತಿರಲಿಲ್ಲ. ಅವರಿಗೆ ಮತ್ತೆ ಬರೆಯಲು ಹೇಳಿದೆವು. ಪರೀಕ್ಷಾ ಅರ್ಜಿ ಮಾತ್ರ ಯಾರದೂ ತಡೆಯಲಿಲ್ಲ.

ಹನ್ನೊಂದನೆಯವಳಿಗಾಗಿ ಕಾದೆ. ಹನ್ನೆರಡು ಆಯಿತು, ಒಂದು ಆಯಿತು. ಬರುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾಗ ಗೇಟಿನಲ್ಲಿ ಅಪ್ಪ ಮಗಳು ಕಂಡರು. ಅಪ್ಪ ನೇರ ಫಲಕದ ಮುಂದೆ ಬಂದು ನಿಂತರು.

"ಏನ್ ಬರದೈತಿ ಇದರಾಗ?"

ಮಗಳು ಓದಲು ಮುಂದಾದಳು. ಅವರು ಕೈ ಅಡ್ಡ ಹಿಡಿದರು. "ನೀ ಬ್ಯಾಡ. ಅಕ್ಕೋರ ಓದ್ಲಿ. ಹಚ್ಚಿದ್ದನ್ನ ಎಲ್ಲಾರೂ ನೋಡ್ಯಾರ. ತಗದಿದ್ದನ್ನೂ ಎಲ್ಲಾರೂ ಕೇಳ್ಲಿ."

ಮಧ್ಯಾಹ್ನದ ಬಿಡುವು. ಪಡಸಾಲೆ ತುಂಬ ವಿದ್ಯಾರ್ಥಿಗಳು. ನಾನು ಓದಿದೆ: "ಸದರಿ ಪ್ರಕಟಣೆಯನ್ನು ಈ ಮೂಲಕ ಹಿಂಪಡೆಯಲಾಗಿದ್ದು, ಸಂಬಂಧಪಟ್ಟ ವಿದ್ಯಾರ್ಥಿಗಳಿಗೆ ಉಂಟಾದ ಅನಾನುಕೂಲತೆಗೆ ವಿಷಾದಿಸಲಾಗಿದೆ."

ಅವರು ತಲೆ ಅಲ್ಲಾಡಿಸಿದರು. "ತಿಳೀಲಿಲ್ರಿ."

ನಾನು ಹಾಳೆಯ ಕಡೆಯಿಂದ ಅವರ ಕಡೆ ತಿರುಗಿದೆ.

"ನಿಮ್ಮ ಮಗಳು ಕದ್ದಿಲ್ರಿ. ಆ ಮಾತು ಆಕಿದ, ಆಕಿ ಆಯಿದು. ತಪ್ಪು ನಿಯಮ ಬರದಾಕಿ ನಾನು. ತಪ್ಪು ನಂದು."

"ಹಾಂ" ಎಂದರು ಅವರು. "ಈಗ ತಿಳೀತು."

ಆಮೇಲೆ ಮಗಳನ್ನು ಕೇಳಿದರು, "ಫಾರ್ಮ್ ಎಲ್ಲಿ ಕೊಡೂದವಾ?" ಅವಳು ಕಚೇರಿಯ ಕಿಟಕಿ ತೋರಿಸಿದಳು. ಅಲ್ಲಿ ಸಾಲು ಉದ್ದವಿತ್ತು. ಇಬ್ಬರೂ ಹೋಗಿ ಸಾಲಿನ ಕೊನೆಯಲ್ಲಿ ನಿಂತರು.